ಜಪಾನಿನಲ್ಲಿ ಸಿಗದ ಜಪಾನ್ ಸೀರೆ

ಚಿಕ್ಕಂದಿನಲ್ಲಿ ನನಗೂ ಅಕ್ಕನಿಗೂ ಬೇರೆ ಬೇರೆ ಬಟ್ಟೆ ಇದ್ದದ್ದೇ ಇಲ್ಲ. ಅಮ್ಮ ಅಂಗಡಿಗೆ ಹೋಗಿ ಒಂದೇ ಥಾನಿನಿಂದ ಬಟ್ಟೆ ಹರಿಸಿ ತಂದು ಇಬ್ಬರಿಗೂ ಒಂದೇ ತರಹದ ಲಂಗ ಹೊಲಿಸುತ್ತಿದ್ದಳು. ಥಾನಿನ ಕೊನೆಯಲ್ಲಿ ಕಲೆ ಬಿದ್ದದ್ದೋ, ಬಣ್ಣ ಸರಿಯಾಗಿ ಹತ್ತದ್ದೋ ಒಂದು ತುಂಡು ಉಳಿದರೆ ಅಂಗಡಿಯವ ಅದನ್ನು ಸುಮ್ಮನೆ ಕೊಡುತ್ತಿದ್ದ. ಅದು ಅಮ್ಮನ ರವಿಕೆಯಾಗುತ್ತಿತ್ತು. ಮೂವರೂ ಒಟ್ಟಿಗೆ ಹೊರಟರೆ ಬೀದಿಯವರು "ಬ್ಯಾಂಡ್ ಸೆಟ್ ಬಂತು" ಎಂದು ನಗುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಅಕ್ಕನಿಗೆ ಮಾತ್ರ ಅದೊಂದು ಹೆಮ್ಮೆ.

ಮದುವೆಯಾಗಿ ಅಕ್ಕ ಒಮಾನಿನ ಸಲಾಲಾಕ್ಕೆ ಹೋದಳು. ಭಾವನಿಗೆ ಅಲ್ಲಿ ಬಂದರಿನ ಹತ್ತಿರ ಒಂದು ಆಫೀಸಿನಲ್ಲಿ ಕೆಲಸ. ಎಂಬತ್ತರ ದಶಕದ ನಡುವೆ ನಾನೂ ಮಸ್ಕತ್ತಿಗೆ ಬಂದು ಇಳಿದೆ. ನಮ್ಮೆಜಮಾನರು ವಾದಿ ಕಬೀರ್‌ನಲ್ಲಿ ಜಪಾನ್ ಪಿಕಪ್‌ಗಳ ಬಿಡಿಭಾಗ ಮಾರುವ ಕಂಪನಿಯಲ್ಲಿದ್ದರು. ಮನೆಯೂ ಅಲ್ಲೇ, ಗ್ಯಾರೇಜುಗಳ ಸದ್ದಿನ ಹಿಂದೆ. ಅಕ್ಕ ತಂಗಿ ಒಂದೇ ದೇಶದಲ್ಲಿದ್ದೀರಿ, ಪುಣ್ಯವಂತರು ಎಂದು ಊರಿನಲ್ಲಿ ಹೇಳದವರಿಲ್ಲ. ನಡುವೆ ಬಸ್ಸಿನಲ್ಲಿ ಒಂದಿಡೀ ಹಗಲು ಕೂತರೂ ಮುಗಿಯದ ಮರಳುಗಾಡಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಾವಿಬ್ಬರೂ ಒಮಾನಿನಲ್ಲಿ ಭೇಟಿಯಾದದ್ದಕ್ಕಿಂತ ಮಂಗಳೂರಿನಲ್ಲಿ ಭೇಟಿಯಾದದ್ದೇ ಹೆಚ್ಚು.

ಆ ಕಾಲದಲ್ಲಿ ಗಲ್ಫಿನಿಂದ ರಜೆಗೆ ಬಂದ ಹೆಂಗಸಿನ ಪೆಟ್ಟಿಗೆಯಲ್ಲಿ ಜಪಾನ್ ಸೀರೆ ಇಲ್ಲದಿದ್ದರೆ ಅವಳು ಗಲ್ಫಿನಲ್ಲಿದ್ದಾಳೆಂದು ನಂಬುವವರಿರಲಿಲ್ಲ. ಒಗೆದು ಹರವಿ ತಿರುಗುವಷ್ಟರಲ್ಲಿ ಒಣಗುವ, ಇಸ್ತ್ರಿ ಕೇಳದ, ಮುದುಡಿದರೆ ಮುಷ್ಟಿಯಲ್ಲಿ ಅಡಗುವ ಸೀರೆ ಅದು. ಸೆರಗಿಗೆ ಒಂದು, ಮೈಗೆ ಒಂದು ಎಂಬ ಚಿತ್ತಾರದ ಭೇದವಿಲ್ಲ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಹೂವು. ಮಸ್ಕತ್ತಿನ ಹಳೆಯ ಪೇಟೆ ಮತ್ರಾ ಸೂಕ್‌ನಲ್ಲಿ ಅಂಗಡಿಯ ಸೇಠ್ ಅದರ ಅಂಚಿನಲ್ಲಿ ಅಚ್ಚಾದ 'ಮೇಡ್ ಇನ್ ಜಪಾನ್' ಎಂಬ ಅಕ್ಷರವನ್ನು ದೇವರ ಪ್ರಸಾದದ ಹಾಗೆ ತೋರಿಸುತ್ತಿದ್ದ.

ಅಮ್ಮ ಒಮ್ಮೆ ವಿಸಿಟ್ ವೀಸಾದಲ್ಲಿ ನಮ್ಮಲ್ಲಿಗೆ ಬಂದಿದ್ದಳು. ಮತ್ರಾಕ್ಕೆ ಕರೆದುಕೊಂಡು ಹೋದೆ. ಸೇಠ್ ಕೆಡವಿದ ರಾಶಿಯಲ್ಲಿ ಕೈಯಾಡಿಸಿ ಅಮ್ಮ ಒಂದೇ ತರಹದ ಎರಡು ಸೀರೆ ಎಳೆದಳು. ಕಾಫಿ ಬಣ್ಣದ ನೆಲ, ಅದರ ಮೇಲೆ ಮಲ್ಲಿಗೆ ಮೊಗ್ಗಿನಷ್ಟು ಬಿಳಿ ಹೂ. ನಮ್ಮ ತಮ್ಮ ಆಗಿನ್ನೂ ಕಾಲೇಜಿನಲ್ಲಿದ್ದ.

"ತಮ್ಮನ ಮದುವೆಗೆ ನೀವಿಬ್ಬರೂ ಇದನ್ನೇ ಉಡಬೇಕು" ಎಂದಳು.

"ಅವನ ಮದುವೆಗೆ ಇನ್ನು ಎಷ್ಟು ವರ್ಷ ಉಂಟು ಅಮ್ಮ, ಅಷ್ಟರೊಳಗೆ ಫ್ಯಾಶನ್ ಹೋಗ್ತದೆ" ಎಂದೆ ನಾನು.

"ಫ್ಯಾಶನ್ ಹೋದ್ರೆ ಹೋಗ್ಲಿ. ಇಬ್ಬರೂ ಒಟ್ಟಿಗೆ ನಿಂತದ್ದು ನಂಗೆ ಕಾಣ್ಬೇಕು."

ಒಂದು ಸೀರೆ ನನ್ನ ಕಪಾಟಿಗೆ ಹೋಯಿತು. ಇನ್ನೊಂದನ್ನು ಅಮ್ಮನೇ ಸಲಾಲಾಕ್ಕೆ ಹೋಗುವಾಗ ಅಕ್ಕನಿಗೆ ಒಯ್ದಳು. ಅದಾಗಿ ಕೆಲವು ವರ್ಷಕ್ಕೆ, ತಮ್ಮನಿಗೆ ಕೆಲಸ ಸಿಕ್ಕಿ ಹೆಣ್ಣು ನೋಡಲು ಶುರು ಮಾಡುವ ಹೊತ್ತಿಗೆ, ಅಮ್ಮ ತೀರಿಕೊಂಡಳು. ತಮ್ಮನ ಮದುವೆ ಗೊತ್ತಾದಾಗ ಅಕ್ಕ ಸಲಾಲಾದಿಂದ ಫೋನು ಮಾಡಿ ಮೊದಲು ಹೇಳಿದ ಮಾತು ಹುಡುಗಿಯ ಬಗ್ಗೆ ಅಲ್ಲ, "ಸೀರೆ ತೆಗೆದಿಟ್ಟಿದ್ದೀಯಲ್ಲ?" ಎಂದು.

ಸಲಾಲಾದಲ್ಲಿ ಬೇಸಿಗೆಯೆಂದರೆ ಜಿಟಿಜಿಟಿ ಮಳೆ. ಕಪಾಟಿನೊಳಗೆಲ್ಲ ಮುಗ್ಗಲು ವಾಸನೆ. ಅಲ್ಲಿನ ಹೆಂಗಸರು ಲುಬಾನ್ ಧೂಪ ಹಾಕಿ, ಅದರ ಮೇಲೆ ಮರದ ಒಂದು ಗೂಡು ನಿಲ್ಲಿಸಿ, ಗೂಡಿನ ಮೇಲೆ ಬಟ್ಟೆ ಹರವುತ್ತಾರೆ. ಹೊಗೆ ಬಟ್ಟೆಗೆ ಹಿಡಿದರೆ ವಾರಗಟ್ಟಲೆ ಪರಿಮಳ. ಅಕ್ಕ ನೆರೆಮನೆಯ ಒಮಾನಿ ಅಜ್ಜಿಯಿಂದ ಅದನ್ನು ಕಲಿತು ತನ್ನ ಹತ್ತಿ ಸೀರೆಗಳಿಗೆಲ್ಲ ಮಾಡುತ್ತಿದ್ದಳು. ಆ ವರ್ಷದ ಮಳೆಯಲ್ಲಿ, ಮದುವೆಯ ಸೀರೆಗೂ ಸ್ವಲ್ಪ ಪರಿಮಳ ಇರಲಿ ಎಂದು ಅದನ್ನೂ ಹರವಿದಳು. ಅಜ್ಜಿಯ ಬಟ್ಟೆ ಹತ್ತಿ, ನಮ್ಮದು ಜಪಾನ್ ಎಂಬುದು ಅವಳಿಗೆ ಹೊಳೆಯಲಿಲ್ಲ. ಒಂದು ಕೆಂಡ ಚಟ್ ಎಂದು ಸಿಡಿದದ್ದೇ ಸಾಕಾಯಿತು. ಸೆರಗಿನ ತುದಿಯಿಂದ ಒಂದು ಮೊಳ ಒಳಗೆ, ಅಂಗೈ ಅಗಲದ ತೂತು ಬಿತ್ತು. ಅದರ ಸುತ್ತ ಬಟ್ಟೆ ಕರಗಿ ಕಪ್ಪಗೆ ಗಟ್ಟಿಯಾಯಿತು.

ಫೋನಿನಲ್ಲಿ ಅಕ್ಕ ಅತ್ತಳು. ಅಮ್ಮ ಹೋದಾಗಲೂ ನನ್ನೆದುರು ಅಳದವಳು. "ನೀನು ನಿನ್ನದನ್ನು ಉಡು. ನಾನು ಬೇರೆ ಎಂತಾದ್ರೂ ಉಡ್ತೇನೆ" ಎಂದಳು. ನಾನು ಗದರಿದೆ. ನನಗೆ ದುಃಖವಾದರೆ ಬರುವುದು ಸಿಟ್ಟೇ. ಆ ಸಿಟ್ಟಿನಲ್ಲೇ ಮತ್ರಾಕ್ಕೆ ಹೋಗಿ ಸೂಕ್‌ನ ಒಂದು ಅಂಗಡಿಯನ್ನೂ ಬಿಡದೆ ಹತ್ತಿಳಿದೆ. ಸೇಠ್ ತಲೆಯಾಡಿಸಿದ. "ವೊ ಮಾಲ್ ಖಲಾಸ್, ಭಾಬಿ. ಈಗ ಕೊರಿಯಾದ್ದು ಬರ್ತದೆ, ಇಂಡೋನೇಷ್ಯಾದ್ದು ಬರ್ತದೆ. ಆ ಜಪಾನ್ ಡಿಸೈನ್ ಇನ್ನಿಲ್ಲ."

ಅಷ್ಟರಲ್ಲಿ ಒಂದು ಮಧ್ಯಾಹ್ನ ನಮ್ಮೆಜಮಾನರು ಊಟಕ್ಕೆ ಬಂದವರು, ಚಪ್ಪಲಿ ಬಿಡುತ್ತಾ, ಪೇಟೆಗೆ ಹೋಗಿ ಬರೋಣ ಎಂಬ ಧಾಟಿಯಲ್ಲಿ, "ನವೆಂಬರಿನಲ್ಲಿ ಒಸಾಕಾಕ್ಕೆ ಹೋಗ್ಲಿಕ್ಕುಂಟು. ನಿನಗೂ ಟಿಕೆಟ್ ಕೊಡ್ತಾರಂತೆ" ಎಂದರು. ಚೆನ್ನಾಗಿ ಮಾರಾಟ ಮಾಡಿದವರಿಗೆ ಬಿಡಿಭಾಗದ ಕಂಪನಿಯವರು ಕೊಟ್ಟ ಬಹುಮಾನ. ನಾನು ಕೈಯಲ್ಲಿದ್ದ ಸಾರಿನ ಸೌಟು ಹಾಗೇ ಹಿಡಿದು ಹೇಳಿದೆ, "ಜಪಾನಿಗಾ? ಹಾಗಾದ್ರೆ ಸೀರೆ ಸಿಕ್ಕಿತು."

ಈಗ ನೆನೆದರೆ ನಗು ಬರುತ್ತದೆ. ಆದರೆ ಆಗ ನಮ್ಮಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ಮಕ್ಕಳನ್ನು ನೋಡಿಕೊಳ್ಳಲು ಒಪ್ಪಿದ ಪಕ್ಕದ ಫ್ಲ್ಯಾಟಿನ ಕೊಂಕಣಿ ಹೆಂಗಸು ಕೂಡ, "ಅಲ್ಲಿ ರಸ್ತೆ ಬದಿಯಲ್ಲೇ ರಾಶಿ ಹಾಕಿರ್ತಾರೆ, ನನಗೂ ಎರಡು ತನ್ನಿ" ಎಂದರು. ಅಕ್ಕ ಮಾತ್ರ ತಾ ಎಂದು ಹೇಳಲಿಲ್ಲ. "ಸಿಗಬಹುದಾ?" ಎಂದಷ್ಟೇ ಅಂದಳು. ಆ ಒಂದು ಮಾತೇ ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ನನ್ನ ಸೀರೆಯ ರವಿಕೆ ಹೊಲಿಸಿ ಉಳಿದ ಅಂಗೈಯಷ್ಟು ತುಂಡನ್ನು ಪರ್ಸಿನಲ್ಲಿಟ್ಟುಕೊಂಡು ವಿಮಾನ ಹತ್ತಿದೆ.

ಒಸಾಕಾದಲ್ಲಿ ಮೊದಲು ಕಂಪನಿಯ ಮೀಟಿಂಗು, ಕಾರ್ಖಾನೆ, ಬಾಗಿ ಬಾಗಿ ನಮಸ್ಕಾರ. ಕೊನೆಯ ಎರಡು ದಿನ ನಮ್ಮದು. ಮೊದಲ ದಿನ ಬೆಳಿಗ್ಗೆ ಇವರು ನನ್ನನ್ನು ಊರಿನ ಉತ್ತರಕ್ಕಿರುವ ಒಂದು ಗಗನಚುಂಬಿಗೆ ಕರೆದುಕೊಂಡು ಹೋದರು. ಅದು ಒಂದು ಕಟ್ಟಡವಲ್ಲ, ಎರಡು. ಅಕ್ಕಪಕ್ಕ ನಿಂತ ಎರಡಕ್ಕೂ ಸೇರಿ ಮೇಲೆ ಒಂದೇ ತಲೆ, ಆ ತಲೆಯಲ್ಲಿ ದುಂಡಗೆ ಒಂದು ತೂತು. ನೆಲದಿಂದ ಅದನ್ನು ನೋಡಿದ ಕೂಡಲೇ ನನಗೆ ನೆನಪಾದದ್ದು ಅಕ್ಕನ ಸೀರೆ.

ಮಸ್ಕತ್ತಿನಲ್ಲಿ ನಾವು ಗುಡ್ಡಕ್ಕಿಂತ ಎತ್ತರದ ಕಟ್ಟಡವನ್ನು ಕಂಡವರಲ್ಲ. ಇಲ್ಲಿ ಗಾಜಿನ ಲಿಫ್ಟಿನಲ್ಲಿ ಕೆಳಗೆ ನೋಡದೆ ಮಹಡಿಯ ಅಂಕೆ ಎಣಿಸುತ್ತಾ ಮೇಲೇರಿದೆ. ಅದು ಮುಗಿಯಿತು ಎನ್ನುವಾಗ, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬರೀ ಗಾಳಿಯ ನಡುವೆ ಕಟ್ಟಿದ ಗಾಜಿನ ಕೊಳವೆ. ಅದರೊಳಗೆ ಚಲಿಸುವ ಮೆಟ್ಟಿಲು. ನಾನು ಕಣ್ಣು ಮುಚ್ಚಿ ಇವರ ಕೋಟು ಹಿಡಿದು ನಿಂತೆ. ಇವರೋ, ಗೋಡೆಯ ಮೇಲೆ ಬರೆದದ್ದನ್ನೆಲ್ಲ ಓದಿ ಹೇಳದೆ ಬಿಡುವ ಜನ ಅಲ್ಲ. ಭೂಕಂಪವಾದರೆ ಎರಡು ಕಟ್ಟಡ ಒಂದನ್ನೊಂದು ಹಿಡಿದು ನಿಲ್ಲುತ್ತವಂತೆ ಎಂದು ವಿವರಿಸಿದರು. ಆ ಹೊತ್ತಿಗೆ ಭೂಕಂಪದ ಮಾತೇ ಬೇಕಿತ್ತಾ ಎಂದು ಬೈದೆ.

ಮೇಲೆ ಸೂರಿಲ್ಲದ ವೃತ್ತಾಕಾರದ ದಾರಿ. ನಾನು ಸೀರೆಯ ಮೇಲೆ ಸ್ವೆಟರ್ ಹಾಕಿದ್ದೆ. ಗಾಳಿಗೆ ಸೆರಗು ಬಾವುಟವಾಯಿತು. ಶಾಲೆಯ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಆಮೇಲೆ ಒಬ್ಬೊಬ್ಬರಾಗಿ ಬಂದು ನನ್ನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಕೆಳಗೆ ಅಗಲವಾದ ನದಿ, ಅದರ ಮೇಲೆ ಒಂದರ ಹಿಂದೊಂದು ಕಬ್ಬಿಣದ ಸೇತುವೆ, ಅವುಗಳ ಮೇಲೆ ರೈಲುಗಳು. ಅಷ್ಟು ಎತ್ತರಕ್ಕೆ ಸದ್ದು ಬರುತ್ತಿರಲಿಲ್ಲ. ದೂರದಲ್ಲಿ ಸಮುದ್ರ ಬೂದಿ ಬಣ್ಣದಲ್ಲಿತ್ತು. ಹೆದರಿಕೆ ಎಲ್ಲಿ ಹೋಯಿತೋ, ಕಂಬಿ ಹಿಡಿದು ತುಂಬ ಹೊತ್ತು ನಿಂತೆ. ಅಮ್ಮ ಆರಿಸಿದ ಸೀರೆ ಈ ಛಾವಣಿಗಳ ಕೆಳಗೆ ಎಲ್ಲೋ ಹುಟ್ಟಿ, ಆ ಸಮುದ್ರದ ಮೇಲೆ ಹಡಗಿನಲ್ಲಿ ಮತ್ರಾಕ್ಕೆ ಬಂದಿತ್ತು ಎಂದು ಯೋಚಿಸಿದಾಗ ಅಮ್ಮನೂ ಇಲ್ಲೇ ಎಲ್ಲೋ ಇದ್ದಾಳೆ ಅನ್ನಿಸಿತು.

"ಇಷ್ಟು ದೊಡ್ಡ ಊರಿನಲ್ಲಿ ಒಂದು ಸೀರೆ ಇರ್ಲಿಕ್ಕಿಲ್ವಾ?" ಎಂದೆ.

ಇವರು ಸುತ್ತ ನೋಡಿ, "ಊರು ದೊಡ್ಡದೇ. ಆದ್ರೆ ಸೀರೆ ಉಟ್ಟವಳು ನೀನೊಬ್ಬಳೇ ಕಾಣ್ತೀ" ಎಂದರು. ನನಗೆ ಅದು ತಮಾಷೆಯಾಗಿ ಕೇಳಲಿಲ್ಲ.

ಮಧ್ಯಾಹ್ನ ಶಿನ್ಸಾಯ್‌ಬಾಶಿಗೆ ಹೋದೆವು. ಬೀದಿಗೆ ಬೀದಿಯೇ ಮಾಡಿನ ಕೆಳಗೆ. ಮತ್ರಾ ಸೂಕ್‌ನ ಓಣಿಯನ್ನು ಹಿಡಿದು ಎಳೆದು ಉದ್ದ ಮಾಡಿ, ತೊಳೆದು, ದೀಪ ಹಾಕಿದ ಹಾಗಿತ್ತು. ಆದರೆ ಬನ್ನಿ ಭಾಬಿ ಎಂದು ಕೈ ಹಿಡಿದು ಎಳೆಯುವವರಿಲ್ಲ. ಒಂದು ದೊಡ್ಡ ಅಂಗಡಿಯ ಬಟ್ಟೆ ವಿಭಾಗದಲ್ಲಿ ನನ್ನ ತುಂಡನ್ನು ಮೇಜಿನ ಮೇಲೆ ಇಟ್ಟೆ. ಬಿಳಿ ಕೈಗವಸು ಹಾಕಿದ ಹುಡುಗಿ ಅದನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, ಬಾಗಿ, ಇನ್ನೊಬ್ಬಳನ್ನು ಕರೆದಳು. ಅವಳೂ ಬಾಗಿ ಮತ್ತೊಬ್ಬಳನ್ನು ಕರೆದಳು. ಕೊನೆಗೆ ಎಲ್ಲರೂ ಸೇರಿ ಕ್ಷಮೆ ಕೇಳಿದರು. ಇದನ್ನು ಅವರು ಯಾವತ್ತೂ ನೋಡಿಯೇ ಇರಲಿಲ್ಲ. ಅಂಚಿನಲ್ಲಿ ಉಳಿದಿದ್ದ 'ಜಪಾನ್' ಎಂಬ ಅಚ್ಚನ್ನು ತೋರಿಸಿದೆ. ಆ ಹುಡುಗಿಯರು ನನಗಿಂತ ಹೆಚ್ಚು ಆಶ್ಚರ್ಯಪಟ್ಟರು. ಇನ್ನೊಂದು ಅಂಗಡಿಯಲ್ಲಿ ಕರವಸ್ತ್ರ ತೋರಿಸಿದರು, ಮತ್ತೊಂದರಲ್ಲಿ ಕಿಮೋನೊ. ಸಂಜೆಯಾಗುವಾಗ ನನ್ನ ಕಾಲು ಸೋತು, ಒಂದು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಜಪಾನಿನಲ್ಲೇ ಜಪಾನ್ ಸೀರೆ ಇಲ್ಲವೆಂದರೆ ಇನ್ನೆಲ್ಲಿಗೆ ಹೋಗುವುದು? ಇವರು ನಾಣ್ಯ ಹಾಕುವ ಯಂತ್ರದಿಂದ ಎರಡು ಡಬ್ಬಿ ಬಿಸಿ ಕಾಫಿ ತಂದು ಒಂದನ್ನು ನನ್ನ ಕೈಗೆ ಕೊಟ್ಟರು.

ಮರುದಿನ ಬುದ್ಧಿ ಕಲಿತು ಚೂಡಿದಾರ್ ಹಾಕಿಕೊಂಡೆ. ಹೋಟೆಲಿನವರು ಹೇಳಿದಂತೆ ಸೆಂಬಾ ಎಂಬಲ್ಲಿಗೆ ಹೋದೆವು. ಅದು ಬಟ್ಟೆಯ ಸಗಟು ಅಂಗಡಿಗಳ ಪೇಟೆ. ಇಲ್ಲಿ ದೀಪದ ಬೆಡಗಿಲ್ಲ. ನೆಲದಿಂದ ಸೂರಿನವರೆಗೆ ಥಾನುಗಳು, ಮಂಕು ಬೆಳಕು, ಹೊಸ ಬಟ್ಟೆಯ ಗಂಜಿ ವಾಸನೆ. ಆ ವಾಸನೆಗೇ ನನಗೆ ಸ್ವಲ್ಪ ಸಮಾಧಾನವಾಯಿತು. ಕೆಲವು ಅಂಗಡಿ ದಾಟಿದ ಮೇಲೆ ಒಬ್ಬ ಮುದುಕರು ನನ್ನ ತುಂಡನ್ನು ಕನ್ನಡಕದ ಕೆಳಗೆ ಹಿಡಿದವರು, "ಆ!" ಎಂದು ಜೋರಾಗಿ ಉದ್ಗರಿಸಿದರು. ಒಳಗಿಂದ ಸೊಸೆಯನ್ನು ಕರೆದರು. ಆಕೆಗೆ ಇಂಗ್ಲಿಷ್ ಬರುತ್ತಿತ್ತು.

ಆಕೆ ತಿಳಿಸಿದ ಮೇಲೆ ವಿಷಯ ಸ್ಪಷ್ಟವಾಯಿತು. ಈ ಬಟ್ಟೆಯನ್ನು ಹೊರದೇಶಕ್ಕೆಂದೇ ನೇಯುತ್ತಿದ್ದರು. ಗಿರಣಿಯಿಂದ ನೇರ ಬಂದರಿಗೆ, ಬಂದರಿನಿಂದ ಹಡಗಿಗೆ. ಇಲ್ಲಿನ ಅಂಗಡಿಗೆ ಅದು ಬಂದದ್ದೇ ಇಲ್ಲ. ಗಿರಣಿ ಈಗ ಮುಚ್ಚಿದೆ. ಮುದುಕರು ಅದರ ವ್ಯವಹಾರದಲ್ಲಿ ಇದ್ದವರು, ಎಷ್ಟೋ ವರ್ಷ ಮೂಟೆ ಮೂಟೆಯಾಗಿ ಕಳಿಸಿದವರು. ಈಗ ಅವರ ಹತ್ತಿರ ಒಂದು ಗಜವೂ ಉಳಿದಿಲ್ಲ.

ನಾನು ತುಂಡನ್ನು ಪರ್ಸಿಗೆ ಹಾಕಿ ಎದ್ದೆ. ಆಗ ಮುದುಕರು ಸಂಕೋಚದಿಂದ ಏನೋ ಕೇಳಿದರು. ಸೊಸೆ ನಗುತ್ತಾ ಹೇಳಿದಳು. ಅಷ್ಟು ಉದ್ದದ ಬಟ್ಟೆಯನ್ನು ಹೊಲಿಗೆಯೇ ಇಲ್ಲದೆ ಉಡುತ್ತಾರಂತೆ, ಹೇಗೆಂದು ಮಾವ ಯಾವತ್ತೂ ನೋಡಿಲ್ಲ, ತೋರಿಸಬಹುದಾ?

ನನಗೆ ಮನಸ್ಸಿರಲಿಲ್ಲ. ಆದರೆ ತಾವು ಕಳಿಸಿದ್ದು ಏನಾಯಿತೆಂದು ತಿಳಿಯದೆ ಇಷ್ಟು ವರ್ಷ ಕಳೆದ ಮನುಷ್ಯರ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ. ಅವರು ಒಂದು ನೀಲಿ ಥಾನಿನಿಂದ ಸೀರೆಯುದ್ದ ಬಿಚ್ಚಿ ಕೊಟ್ಟರು. ಚೂಡಿದಾರಿನ ಮೇಲೆಯೇ ಸುತ್ತಲು ತೊಡಗಿದೆ. ದಿನಾ ಉಟ್ಟರೂ, ಉಡುವುದು ಹೇಗೆಂದು ಬಾಯಲ್ಲಿ ಹೇಳುವ ಪ್ರಸಂಗ ನನಗೆ ಯಾವತ್ತೂ ಬಂದಿರಲಿಲ್ಲ. ಒಂದೊಂದನ್ನೇ ಹೇಳುತ್ತಾ ಹೋದೆ. ಇದು ಒಳಗಿನ ತುದಿ. ಇದನ್ನು ಸೊಂಟಕ್ಕೆ ಸಿಕ್ಕಿಸಿ ಒಂದು ಸುತ್ತು ತರಬೇಕು. ಇಷ್ಟುದ್ದ ಬಟ್ಟೆ ಒಳಗೇ ಹೋಗುತ್ತದೆ, ಇದರ ಮೇಲೆ ನೆರಿಗೆ ಬರುತ್ತದೆ, ಇದನ್ನು ಯಾರೂ ನೋಡುವುದಿಲ್ಲ.

ಅಲ್ಲಿಗೆ ನನ್ನ ಕೈ ನಿಂತಿತು.

ಯಾರೂ ನೋಡುವುದಿಲ್ಲ! ಅಕ್ಕನ ಸೀರೆಯ ತೂತು ಇರುವುದು ಸೆರಗಿನ ತುದಿಯಲ್ಲಿ. ಜಪಾನ್ ಸೀರೆಗೆ ಸೆರಗೆಂಬುದು ಬೇರೆ ಎಲ್ಲಿದೆ? ಸೀರೆಯನ್ನು ತಿರುಗಿಸಿ, ಆ ತುದಿಯನ್ನು ಒಳಗೆ ಸಿಕ್ಕಿಸಿ ಉಟ್ಟರೆ ಮುಗಿಯಿತು. ಫಾಲ್ ಬಿಚ್ಚಿ ಇನ್ನೊಂದು ಅಂಚಿಗೆ ಹೊಲಿದರಾಯಿತು. ತಿಂಗಳುಗಟ್ಟಲೆ ಇಬ್ಬರು ಹೆಂಗಸರು ಫೋನಿನಲ್ಲಿ ಅತ್ತಿದ್ದೇವೆ, ಇಷ್ಟು ಹೊಳೆದಿರಲಿಲ್ಲ. ನಾನು ಆ ಮುದುಕರ ಅಂಗಡಿಯಲ್ಲಿ ಅರ್ಧ ಸುತ್ತಿದ ಸೀರೆಯಲ್ಲಿ ನಿಂತು ಗಟ್ಟಿಯಾಗಿ ನಕ್ಕೆ. ಯಾಕೆಂದು ತಿಳಿಯದಿದ್ದರೂ ಅವರೂ ನಕ್ಕರು. ಪೂರ್ತಿ ಉಟ್ಟು ಸೆರಗು ಹಾಕಿ ತೋರಿಸಿದಾಗ ಮುದುಕರು ಎದ್ದು ನಿಂತು, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು.

ಮಸ್ಕತ್ತಿಗೆ ಬಂದವಳೇ ಪೆಟ್ಟಿಗೆ ಬಿಚ್ಚುವ ಮೊದಲು ಸಲಾಲಾಕ್ಕೆ ಫೋನು ಮಾಡಿದೆ. ಎಲ್ಲ ಕೇಳಿದ ಮೇಲೆ ಅಕ್ಕ ಸಣ್ಣ ದನಿಯಲ್ಲಿ, "ಅದು ನಂಗೆ ಮರುದಿನವೇ ಹೊಳೆದಿತ್ತು ಮಾರಾಯ್ತಿ" ಎಂದಳು.

"ಮತ್ತೆ? ನನ್ನನ್ನು ಜಪಾನೆಲ್ಲ ಅಲೆಸಿದ್ದು ಎಂತಕ್ಕೆ?"

"ಸುಟ್ಟ ಸೀರೆ ಉಟ್ಟು ತಮ್ಮನ ಧಾರೆಗೆ ನಿಲ್ಲುದಾ? ಅಮ್ಮ ಇದ್ದಿದ್ರೆ ಬಿಡ್ತಿದ್ಲಾ?"

ಸುಟ್ಟದ್ದು, ಹರಿದದ್ದು ಶುಭಕ್ಕೆ ಆಗದು ಎಂದು ನಾವಿಬ್ಬರೂ ಕೇಳಿಯೇ ಬೆಳೆದವರು. ತಮ್ಮನಿಗೆ ಏನಾದರೂ ಆದರೆ ಎಂಬ ಹೆದರಿಕೆ ಅವಳದು, ನನಗೂ ಇಲ್ಲವೆಂದಲ್ಲ. ಆದರೂ ನನ್ನ ಹಟ ಎದ್ದಿತು. "ಹಾಗಾದ್ರೆ ಸುಟ್ಟದ್ದನ್ನು ನಾನು ಉಡ್ತೇನೆ. ನನ್ನದನ್ನು ನಿನಗೆ ಕಳಿಸ್ತೇನೆ. ದೋಷ ಬಂದ್ರೆ ನಂಗೆ ಬರ್ಲಿ, ನಾನು ಹೇಗೂ ಜಗಳಗಂಟಿ, ಅದರ ಹತ್ರವೂ ಜಗಳ ಮಾಡ್ತೇನೆ" ಎಂದೆ. ಅಕ್ಕ ಬೈದಳು, ಬೇಡವೆಂದಳು, ಕೊನೆಗೆ ಕಳಿಸು ಎಂದಳು. ಸಲಾಲಾಕ್ಕೆ ಹೋಗುವ ಪರಿಚಿತರೊಬ್ಬರ ಕೈಯಲ್ಲಿ ನನ್ನ ಸೀರೆ ಹೋಯಿತು. ಎರಡೂ ಸೀರೆ ಅವಳ ಹತ್ತಿರವೇ ಇದ್ದು, ಮದುವೆಗೆ ಅವಳೇ ತರುವುದೆಂದಾಯಿತು.

ಮೇ ತಿಂಗಳಲ್ಲಿ ಮಂಗಳೂರಿನ ಒಂದು ಮದುವೆ ಹಾಲ್‌ನ ಹಿಂದಿನ ಕೋಣೆ. ಹೊರಗೆ ಓಲಗ ಶುರುವಾಗಿತ್ತು. ನಾನು ಮಕ್ಕಳಿಗೆ ಬಟ್ಟೆ ಹಾಕಿಸಿ ಬರುವಷ್ಟರಲ್ಲಿ ಅಕ್ಕ ಆಗಲೇ ಉಟ್ಟು ತಯಾರಾಗಿದ್ದಳು. ಕಾಫಿ ಬಣ್ಣ ಅವಳಿಗೆ ಒಪ್ಪುತ್ತಿತ್ತು. ಕುರ್ಚಿಯ ಮೇಲೆ ನನಗೆಂದು ಮಡಚಿಟ್ಟ ಸೀರೆ ಇತ್ತು. ಕೋಣೆಯಲ್ಲಿ ನೆಂಟರ ಹೆಂಗಸರು ತುಂಬಿದ್ದರು, ಅವರ ಕಣ್ಣಿಗೆ ಬೀಳದ ಹಾಗೆ ಸುಟ್ಟ ತುದಿಯನ್ನು ಒಳಗೆ ಸೇರಿಸಬೇಕೆಂದು ಗೋಡೆಗೆ ಮುಖ ಮಾಡಿ ನಿಂತೆ. ಒಳತುದಿ ತಡವಿದೆ. ಗಟ್ಟಿಯಾದ ಅಂಚು ಕೈಗೆ ಸಿಗಲಿಲ್ಲ. ಮತ್ತೆ ತಡವಿದೆ. ಇನ್ನೊಂದು ತುದಿ ನೋಡಿದೆ. ಮುಷ್ಟಿ ಮುಷ್ಟಿಯಾಗಿ ಇಡೀ ಸೀರೆ ನನ್ನ ಕೈಯಲ್ಲಿ ಹಾದು ಹೋಯಿತು. ಎಲ್ಲೂ ತೂತಿರಲಿಲ್ಲ. ಲುಬಾನಿನ ವಾಸನೆ ಕೂಡ ಇರಲಿಲ್ಲ.

ತಿರುಗಿ ನೋಡಿದೆ. ಅಕ್ಕ ಎಡಗೈಯನ್ನು ಸೊಂಟದ ಮೇಲೆ ಒತ್ತಿ ಹಿಡಿದುಕೊಂಡು ನಿಂತಿದ್ದಳು. ಥಾನಿನ ಕೊನೆಯ ಕಲೆ ಬಿದ್ದ ತುಂಡು ಯಾವಾಗಲೂ ಅಮ್ಮನ ರವಿಕೆಯಾಗುತ್ತಿದ್ದದ್ದು ಆಗ ನೆನಪಾಯಿತು. ಅಮ್ಮ ಇಲ್ಲದ ಮದುವೆ ಎಂದು ನಾನು ವರ್ಷವಿಡೀ ಅತ್ತಿದ್ದೆ.

"ಅಕ್ಕ, ಇದು ನನ್ನದು" ಎಂದೆ.

"ಹೌದು, ನಿನ್ನದೇ. ಬೇಗ ಉಡು, ಧಾರೆಗೆ ಹೊತ್ತಾಯ್ತು" ಎಂದು, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ನನ್ನ ನೆರಿಗೆ ಹಿಡಿಯಲು ನೆಲದ ಮೇಲೆ ಕೂತಳು.